ಮುಂಬೈ ಮಳೆಗೂ ಕೆಸರಾಗದ ಕುಂಡದ ಮಣ್ಣು: ಸಾವಯವ ಮಿಶ್ರಣ ಮಾಡುವ ಕ್ರಮ

ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಕುಂಡದ ಮಣ್ಣಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಇದೇ ಲೆಕ್ಕ. ನವೆಂಬರಿನಿಂದ ಮೇ ತನಕ ಈ ಮಿಶ್ರಣದಲ್ಲಿ ಗಿಡ ಚೆನ್ನಾಗಿಯೇ ಬರುತ್ತದೆ. ಜೂನ್ ಎರಡನೇ ವಾರ ಮಳೆ ಹಿಡಿಯಿತೆಂದರೆ, ಜುಲೈ ಮುಗಿಯುವುದರೊಳಗೆ ತುಳಸಿ ಕಪ್ಪಾಗುತ್ತದೆ, ಕರಿಬೇವಿನ ಎಲೆ ಹಳದಿಯಾಗಿ ಉದುರುತ್ತದೆ, ಮಲ್ಲಿಗೆಯ ಬುಡ ಕೊಳೆಯುತ್ತದೆ. ಡೊಂಬಿವಿಲಿ, ಮುಲುಂಡ್, ಮೀರಾರೋಡ್ ಕಡೆಯ ನಮ್ಮವರ ಬಾಲ್ಕನಿಗಳಲ್ಲಿ ಪ್ರತಿ ವರ್ಷ ಇದೇ ಪಾಡು. ದೂರು ಮಾತ್ರ ಮಳೆಯ ಮೇಲೆ.

ಮಳೆ ಜೋರೇ, ಅದರಲ್ಲಿ ಸಂಶಯವಿಲ್ಲ. ಮುಂಬೈಯ ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 2,000 ಮಿ.ಮೀ. ಮೀರಿ ಸುರಿಯುತ್ತದೆ, ಪುಣೆಯಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಆದರೆ ಮುಂಬೈಗಿಂತ ಹೆಚ್ಚು ಮಳೆ ಬೀಳುವ ಉಡುಪಿಯಲ್ಲಿ ನೆಲಕ್ಕೆ ಊರಿದ ಮಲ್ಲಿಗೆ ವರ್ಷಾನುಗಟ್ಟಲೆ ಬದುಕುತ್ತದೆಯಲ್ಲ? ತೊಂದರೆ ಇರುವುದು ಕುಂಡದೊಳಗಿನ ಕಣಗಳ ಗಾತ್ರದಲ್ಲಿ. ಮಿಶ್ರಣಕ್ಕೆ ಏನು ಹಾಕಿದಿರಿ ಎನ್ನುವುದು ಎರಡನೆಯ ಪ್ರಶ್ನೆ. ಹಾಕಿದ್ದು ಎಷ್ಟು ದಪ್ಪ, ಎಷ್ಟು ಸಣ್ಣ ಎನ್ನುವುದೇ ಮೊದಲನೆಯದು.

ತಳದಲ್ಲಿ ನಿಲ್ಲುವ ನೀರು

ನೆಲದಲ್ಲಿ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತಲೇ ಇರುತ್ತದೆ. ಕುಂಡದಲ್ಲಿ ಮಣ್ಣು ತೂತಿನ ಹತ್ತಿರ ಮುಗಿದುಹೋಗುತ್ತದೆ, ಆಚೆ ಇರುವುದು ಗಾಳಿ. ಸಣ್ಣ ಸಂದುಗಳಲ್ಲಿ ಸಿಕ್ಕಿಬಿದ್ದ ನೀರು ಗಾಳಿಗೆ ಬೀಳುವುದಿಲ್ಲ, ಅಲ್ಲೇ ಅಂಟಿ ನಿಲ್ಲುತ್ತದೆ. ಹೀಗಾಗಿ ಎಷ್ಟೇ ತೂತು ಕೊರೆದರೂ ಪ್ರತಿ ಕುಂಡದ ತಳದಲ್ಲಿ ಪೂರ್ತಿ ನೆನೆದ ಒಂದು ಪದರ ಉಳಿದೇ ಉಳಿಯುತ್ತದೆ. ಅದರ ಎತ್ತರವನ್ನು ನಿರ್ಧರಿಸುವುದು ಕಣದ ಗಾತ್ರ. ಕಣ ಸಣ್ಣದಾದಷ್ಟೂ ಪದರ ದಪ್ಪ, ಕಣ ದೊಡ್ಡದಾದಷ್ಟೂ ತೆಳು. ಬೇಸಿಗೆಯಲ್ಲಿ ಈ ಪದರ ಒಂದೆರಡು ದಿನದಲ್ಲಿ ಒಣಗುತ್ತದೆ. ಜುಲೈಯಲ್ಲಿ ಒಣಗಲು ಬಿಡುವೇ ಸಿಗುವುದಿಲ್ಲ. ಗಾಳಿಯಿಲ್ಲದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಕೊಳೆ ರೋಗದ ಶಿಲೀಂಧ್ರ ಹತ್ತುತ್ತದೆ.

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಸುರಿಯುವ ಪದ್ಧತಿ ಇದಕ್ಕೆ ಪರಿಹಾರವಲ್ಲ. ಜಲ್ಲಿಯ ಮೇಲೆ ಮಣ್ಣು ಎಲ್ಲಿ ಶುರುವಾಗುತ್ತದೋ ಆ ನೆನೆದ ಪದರ ಅಲ್ಲಿಂದಲೇ ಶುರುವಾಗುತ್ತದೆ. ಅಂದರೆ ನೀರನ್ನು ಬೇರಿನ ಕಡೆಗೆ ಎರಡು ಇಂಚು ಮೇಲಕ್ಕೆ ಎತ್ತಿಕೊಟ್ಟ ಹಾಗಾಯಿತು. ತೂತಿನ ಮೇಲೆ ಒಂದು ಹೆಂಚಿನ ಚೂರು, ಇಲ್ಲವೇ ಸೊಳ್ಳೆ ಪರದೆಯ ತುಂಡು ಸಾಕು. ಉಳಿದ ಜಾಗ ಮಿಶ್ರಣಕ್ಕೇ ಇರಲಿ.

ಹಾಗಾದರೆ ಸಮಪಾಲು ಮಿಶ್ರಣ ಸೋಲುವುದೇಕೆ? ಕೋಕೋಪೀಟೂ ಎರೆಗೊಬ್ಬರವೂ ಬಹುಪಾಲು ಸಣ್ಣ ರವೆಗಿಂತ ಸಣ್ಣ ಕಣ. ಎರಡೂ ಮಣ್ಣಿನ ಸಂದುಗಳಲ್ಲಿ ಹೋಗಿ ಕೂರುತ್ತವೆ. ಮೊದಲ ಎರಡು ತಿಂಗಳು ಮಿಶ್ರಣ ಹಗುರವಾಗಿ, ನೋಡಲು ಚೆಂದವಾಗಿರುತ್ತದೆ. ಎರೆಗೊಬ್ಬರ ಕರಗಿ ಕೆಳಗಿಳಿದ ಮೇಲೆ ಒಟ್ಟು ಮಣ್ಣು ಕುಸಿದು ಒಂದೇ ಗಟ್ಟಿ ಹೆಂಟೆಯಾಗುತ್ತದೆ.

ಕೆಂಪು ಮಣ್ಣು

ನರ್ಸರಿಯಲ್ಲಿ ಲಾಲ್ ಮಿಟ್ಟಿ ಎಂದು ಚೀಲದಲ್ಲಿ ಸಿಗುವುದು ಕೊಂಕಣದ ಜಂಬಿಟ್ಟಿಗೆ ಮಣ್ಣು. ಸ್ವಭಾವದಲ್ಲಿ ಸ್ವಲ್ಪ ಹುಳಿ, ಪೋಷಕಾಂಶ ಕಡಿಮೆ, ಆದರೆ ಕುಂಡಕ್ಕೆ ಬೇಕೇ ಬೇಕು. ಮಣ್ಣಿಲ್ಲದ, ಬರೀ ಕೋಕೋಪೀಟು ಮತ್ತು ಗೊಬ್ಬರದ ಮಿಶ್ರಣ ಮಾಡಿದರೆ ಜೂನ್ ತಿಂಗಳಲ್ಲೇ ಮಳೆ ಅದರ ಸತ್ವವನ್ನೆಲ್ಲ ತೊಳೆದುಬಿಡುತ್ತದೆ. ಜೇಡಿಯ ಕಣ ಪೋಷಕಾಂಶವನ್ನು ಹಿಡಿದಿಡುತ್ತದೆ. ಒಟ್ಟು ಗಾತ್ರದ ಐದನೇ ಒಂದು ಪಾಲು ಮಣ್ಣು ಇದ್ದರೆ ಆ ಕೆಲಸ ಆಗುತ್ತದೆ, ಅದಕ್ಕಿಂತ ತೀರಾ ಹೆಚ್ಚಿದ್ದರೆ ಕೆಸರು.

ಚೀಲ ಮನೆಗೆ ಬಂದ ಕೂಡಲೇ ಎರಡು ಪರೀಕ್ಷೆ ಮಾಡಿ. ಒಂದು ಗಾಜಿನ ಜಾಡಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ನಯವಾದ ಹೂಳು ಒಂದೆರಡು ಗಂಟೆಯಲ್ಲಿ ಕೂರುತ್ತದೆ, ಜೇಡಿ ಮರುದಿನವೂ ನೀರನ್ನು ಕದಡಿಕೊಂಡೇ ಇರುತ್ತದೆ. ಮೊದಲ ನಿಮಿಷದಲ್ಲಿ ಕೂತ ಪದರ ಒಟ್ಟು ಮಣ್ಣಿನ ಅರ್ಧದಷ್ಟಾದರೂ ಇದ್ದರೆ ಒಳ್ಳೆಯ ಮಣ್ಣು. ಎರಡನೆಯದು ವಿನೆಗರ್. ಒಣ ಮಣ್ಣಿನ ಮೇಲೆ ಒಂದು ಚಮಚ ಹಾಕಿದಾಗ ನೊರೆ ಬಂದರೆ ಅದರಲ್ಲಿ ಸಿಮೆಂಟ್ ಪುಡಿಯೋ ಸುಣ್ಣವೋ ಬೆರೆತಿದೆ. ಕಟ್ಟಡದ ಅವಶೇಷ ಸೇರಿದ ಇಂಥ ಮಣ್ಣಿನಲ್ಲಿ ಕ್ಷಾರ ಏರಿ, ಕಬ್ಬಿಣದ ಅಂಶ ಗಿಡಕ್ಕೆ ದಕ್ಕದೆ, ಎಳೆ ಎಲೆಗಳ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳಚಿಕೊಳ್ಳುತ್ತದೆ. ಆ ಚೀಲ ವಾಪಸ್ ಕೊಡಿ.

ಜರಡಿ ಹಿಡಿಯುವಾಗ 6 ಮಿ.ಮೀ. ಕಣ್ಣಿನ ಗಾರೆ ಜರಡಿ ಸಾಕು. ಹೆಂಟೆ, ಗಾಜು, ಬೇರು ಹೊರಗೆ ಹೋಗಲಿ. ಮಣ್ಣಿನ ನುಣ್ಣನೆಯ ಭಾಗವನ್ನು ಪೂರ್ತಿ ಜರಡಿಯಾಡಿ ಬಿಸಾಡಬೇಡಿ. ಪೋಷಕಾಂಶ ಹಿಡಿಯುವುದು ಅದೇ.

ಸಮುದ್ರದಂಡೆಯ ಮರಳು ಯಾವ ಕಾರಣಕ್ಕೂ ಬೇಡ. ಉಪ್ಪನ್ನು ತೊಳೆಯಬಹುದು, ಚಿಪ್ಪಿನ ಸುಣ್ಣವನ್ನು ತೊಳೆಯಲಾಗದು. ಪುಣೆಯಲ್ಲಿರುವವರಿಗೆ ಸುಲಭವಾಗಿ ಸಿಗುವುದು ಕಪ್ಪು ಎರೆಮಣ್ಣು. ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವ ಆ ಮಣ್ಣನ್ನು ಕೆಳಗೆ ಹೇಳುವ ಲೆಕ್ಕದ ಅರ್ಧದಷ್ಟೇ ಹಾಕಿ, ಉಳಿದರ್ಧಕ್ಕೆ ತೊಳೆದ ದಪ್ಪ ಮರಳು ಸೇರಿಸಿ.

ಕೋಕೋಪೀಟ್: ತೊಳೆಯದೆ ಹಾಕಬೇಡಿ

650 ಗ್ರಾಂನ ಒಂದು ಕೋಕೋಪೀಟ್ ಇಟ್ಟಿಗೆ ಮೂರರಿಂದ ನಾಲ್ಕು ಲೀಟರ್ ನೀರು ಕುಡಿದು 8ರಿಂದ 9 ಲೀಟರ್ ಆಗುತ್ತದೆ. 5 ಕೆಜಿ ದಿಮ್ಮಿ 60 ಲೀಟರ್ ದಾಟುತ್ತದೆ, ಅದಕ್ಕೆ ಬಚ್ಚಲಿನ ದೊಡ್ಡ ಟಬ್ಬೇ ಬೇಕು. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಸೋಡಿಯಂ, ಪೊಟ್ಯಾಶಿಯಂ ಹೆಚ್ಚು. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ತೊಳೆಯದೆ ಹಾಕಿದರೆ ಹದಿನೈದು ದಿನದಲ್ಲಿ ಎಲೆಯ ತುದಿ, ಅಂಚು ಸುಟ್ಟಂತೆ ಒಣಗುತ್ತದೆ. ಆಗ ನೀರು ಕಡಿಮೆಯಾಯಿತೆಂದು ಇನ್ನಷ್ಟು ಸುರಿಯುವವರೇ ಜಾಸ್ತಿ.

ನೆನೆದು ಉಬ್ಬಿದ ಕೋಕೋಪೀಟನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಬಕೆಟ್ ನೀರಿನಲ್ಲಿ ಅದ್ದಿ, ಹಿಂಡಿ. ಎರಡು ಮೂರು ಸಲ ನೀರು ಬದಲಿಸಿದ ಮೇಲೆ ಕಷಾಯದ ಬಣ್ಣ ಚಹಾದ ಬಣ್ಣಕ್ಕಿಳಿಯುತ್ತದೆ. ಬಣ್ಣ ನಂಬಿ ಕೂರುವುದಕ್ಕಿಂತ, ಮನೆಯಲ್ಲಿ ಕುಡಿಯುವ ನೀರು ನೋಡುವ ಟಿಡಿಎಸ್ ಮೀಟರ್ ಇದ್ದರೆ ಹಿಂಡಿದ ನೀರಿಗೆ ಅದನ್ನು ಅದ್ದಿ. ನಲ್ಲಿ ನೀರಿನ ಅಂಕಿ ಕಳೆದ ಮೇಲೆ 400ರ ಒಳಗೆ ಬಂದರೆ ತೊಳೆದದ್ದು ಸಾಕು. ಭಾತ್ಸಾ, ವೈತರಣಾ, ತಾನ್ಸಾ ಕೆರೆಗಳಿಂದ ಬರುವ ಪಾಲಿಕೆಯ ನೀರು ಮೆದುವಾದ್ದರಿಂದ ತೊಳೆಯಲು ಒಳ್ಳೆಯದು. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿರುವ ಸೊಸೈಟಿಯಾದರೆ ಮೊದಲ ಮಳೆಯ ನೀರು ಹಿಡಿದು ತೊಳೆಯಬಹುದು, ಅಥವಾ ತೊಳೆದದ್ದು ಎಂದು ಬರೆದ, ಸ್ವಲ್ಪ ದುಬಾರಿಯ ದಿಮ್ಮಿಯನ್ನೇ ತರಬಹುದು.

ದಪ್ಪ ಕಣ: ಇಲ್ಲಿ ಜಿಪುಣತನ ಬೇಡ

ದಕ್ಷಿಣ ಕನ್ನಡ, ಉಡುಪಿಯ ಕಡೆ ಮಲ್ಲಿಗೆಗೂ ತರಕಾರಿ ಸಾಲಿಗೂ ಸುಡುಮಣ್ಣು ಹಾಕುವುದು ಹಳೆಯ ರೂಢಿ. ತರಗೆಲೆ, ಕಡ್ಡಿಗಳ ನಡುವೆ ಮಣ್ಣು ಪೇರಿಸಿ ನಿಧಾನ ಸುಟ್ಟಾಗ ಜೇಡಿ ಬೆಂದು ಗಟ್ಟಿ ಹರಳಾಗುತ್ತದೆ, ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಬೂದಿಯಿಂದ ಪೊಟ್ಯಾಶ್ ಸಿಗುತ್ತದೆ, ಕಳೆಬೀಜ ಸಾಯುತ್ತದೆ. ಮುಂಬೈಯ ಸೊಸೈಟಿಯಲ್ಲಿ ಬೆಂಕಿ ಹಾಕುವಂತಿಲ್ಲ, ಆದರೆ ಅದೇ ಗುಣದ ವಸ್ತು ಇಲ್ಲಿ ದಂಡಿಯಾಗಿ ಬಿದ್ದಿದೆ: ಕೆಂಪು ಇಟ್ಟಿಗೆ. ಸುತ್ತಿಗೆಯಿಂದ ಕುಟ್ಟಿ, 6 ಮಿ.ಮೀ. ಜರಡಿಯಲ್ಲಿ ಕೆಳಗಿಳಿದದ್ದನ್ನು ಮತ್ತೆ ಅಡುಗೆಮನೆಯ ರವೆ ಜರಡಿಯಲ್ಲಿ ಹಿಡಿಯಿರಿ. ರವೆ ಜರಡಿಯ ಮೇಲೆ ಉಳಿಯುವ, ಸಾಸಿವೆಯಿಂದ ಕಡಲೆಬೇಳೆ ಗಾತ್ರದ ಚೂರು ನಮಗೆ ಬೇಕಾದದ್ದು. ಕೆಳಗೆ ಬಿದ್ದ ಪುಡಿಯನ್ನು ಬಿಸಾಡಿ. ಮಿಶ್ರಣ ಹಾಳಾಗುವುದೇ ಆ ಪುಡಿಯಿಂದ. ಚೂರನ್ನು ಒಮ್ಮೆ ನೀರಿನಲ್ಲಿ ತೊಳೆದು ಬಳಸಿ. ಗಾರೆ ಅಂಟಿದ ಇಟ್ಟಿಗೆ ಬೇಡ. ಈಗಿನ ಕಟ್ಟಡಗಳ ಬಳಿ ಸಿಗುವ ಹಗುರವಾದ ಬಿಳಿ, ಬೂದು ಬ್ಲಾಕ್‌ಗಳ ಚೂರು ನೋಡಲು ಪರ್ಲೈಟಿನಂತಿದ್ದರೂ (ಕಾಯಿಸಿ ಉಬ್ಬಿಸಿದ ಜ್ವಾಲಾಮುಖಿ ಕಲ್ಲಿನ ಹಗುರ ಬಿಳಿ ಹರಳೇ ಪರ್ಲೈಟ್) ಒಳಗೆ ಸುಣ್ಣ, ಸಿಮೆಂಟ್ ಇರುತ್ತದೆ, ಮುಟ್ಟಬೇಡಿ.

ಇಟ್ಟಿಗೆಯ ಒಂದೇ ದೋಷವೆಂದರೆ ಭಾರ. ಕಿಟಕಿಯ ಗ್ರಿಲ್ ಮೇಲೆ ಕುಂಡ ಇಡುವವರು ಇದನ್ನು ಲೆಕ್ಕ ಹಾಕಲೇಬೇಕು. 12 ಇಂಚಿನ ಕುಂಡದಲ್ಲಿ ಸುಮಾರು 14 ಲೀಟರ್ ಹಿಡಿಯುತ್ತದೆ. ಅದರಲ್ಲಿ ಬರೀ ಮಣ್ಣು ತುಂಬಿ ಮಳೆಯಲ್ಲಿ ನೆನೆದರೆ 25 ಕೆಜಿ ಆಸುಪಾಸು. ಹಗುರ ಮಿಶ್ರಣವಾದರೆ ಹೆಚ್ಚುಕಡಿಮೆ ಅದರ ಅರ್ಧ. ಗ್ರಿಲ್‌ಗೆ ಇಡುವ ಕುಂಡಗಳಿಗೆ ಇಟ್ಟಿಗೆಯ ಬದಲು ಪರ್ಲೈಟ್ ಹಾಕಿ. ಪರ್ಲೈಟ್ ಸುರಿಯುವ ಮುನ್ನ ಚೀಲದೊಳಗೇ ನೀರು ಚಿಮುಕಿಸಿ, ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ದಪ್ಪ ಕಣದ ಅರ್ಧಪಾಲು ಇಟ್ಟಿಗೆ ಅಥವಾ ಪರ್ಲೈಟ್ ಆದರೆ, ಇನ್ನರ್ಧ ಎಳನೀರಿನ ಸಿಪ್ಪೆಯ ತುಂಡು ಆಗಬಹುದು. ಎಳನೀರು ಮಾರುವವನ ಗಾಡಿಯ ಹಿಂದೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾನೆ. ಒಂದು ಸೆಂಟಿಮೀಟರ್ ಚೌಕದ ತುಂಡು ಮಾಡಿ ಒಣಗಿಸಿ, ಮೂರು ದಿನ ನೀರಿನಲ್ಲಿಟ್ಟು ದಿನಕ್ಕೊಮ್ಮೆ ನೀರು ಬದಲಿಸಿ. ರಾಯಗಡ ಕಡೆಯ ಅಕ್ಕಿ ಗಿರಣಿಗಳ ಪರಿಚಯ ಇದ್ದರೆ ಉಮಿ ತಂದು ಕರಿ ಮಾಡಿಸಿಕೊಳ್ಳಿ. ಉಮಿಕರಿ ಹಗುರ, ಬೇಗ ಕೊಳೆಯುವುದಿಲ್ಲ. ಹಸಿ ಉಮಿಯಲ್ಲಿ ಉಳಿದ ಭತ್ತ ಮೊಳೆತು ತಲೆನೋವು ಕೊಡುತ್ತದೆ. ಥರ್ಮೊಕೋಲ್ ಚೂರು ಹಾಕುವವರಿದ್ದಾರೆ. ಮಳೆಗೆ ತೇಲಿ ಕೆಳಗಿನ ಮನೆಯವರ ಛಜ್ಜಾ ಸೇರುತ್ತದೆ, ಅಷ್ಟೇ ಪ್ರಯೋಜನ.

ಗೊಬ್ಬರ, ಮತ್ತು ಕಬ್ಬಿನ ಸಿಪ್ಪೆ

ಕಾಂಪೋಸ್ಟ್ ಅಂಗಡಿಯಿಂದಲೇ ತರಬೇಕೆಂದಿಲ್ಲ. ಈ ಊರಿನ ರಸವಂತಿ, ಅಂದರೆ ಕಬ್ಬಿನ ಹಾಲಿನ ಅಂಗಡಿಗಳು ದಿನವೂ ಕಬ್ಬಿನ ಸಿಪ್ಪೆ ಹೊರಗೆ ಹಾಕುತ್ತವೆ. ಡಾ. ಆರ್. ಟಿ. ದೋಶಿ ಮುಂಬೈಯಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಬ್ಬಿನ ಸಿಪ್ಪೆ ತುಂಬಿ, ಮೇಲೆ ಸ್ವಲ್ಪವೇ ಮಣ್ಣಿಟ್ಟು ತರಕಾರಿ ಬೆಳೆದು, ಅದನ್ನು ಸಿಟಿ ಫಾರ್ಮಿಂಗ್ ಎಂಬ ಹೆಸರಿನಲ್ಲಿ ಜನರಿಗೆ ಕಲಿಸಿದವರು. ಮುಂಬೈ ಪೋರ್ಟ್ ಟ್ರಸ್ಟ್‌ನ ಅಡುಗೆಮನೆಯ ತಾರಸಿಯಲ್ಲಿ ಪ್ರೀತಿ ಪಾಟೀಲ್ ಅಲ್ಲಿನ ಅಡುಗೆ ತ್ಯಾಜ್ಯವನ್ನೇ ಮಣ್ಣಾಗಿಸಿ ತೋಟ ಕಟ್ಟಿದರು. ಎರಡರಲ್ಲೂ ಕಸವೇ ಮೂಲ ಬಂಡವಾಳ.

ಆದರೆ ಹಸಿ ಸಿಪ್ಪೆಯನ್ನು ನೇರ ಮಿಶ್ರಣಕ್ಕೆ ಸೇರಿಸಬೇಡಿ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಕೊಳೆಸುವ ಜೀವಾಣುಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಂಡು ಗಿಡವನ್ನು ಹಳದಿ ಮಾಡುತ್ತವೆ. ಜೊತೆಗೆ ಉಳಿದ ಸಕ್ಕರೆಗೆ ಇರುವೆ ಸಾಲು. ಎರಡು ಇಂಚಿಗೆ ಕತ್ತರಿಸಿ, ತೊಳೆದು, ನಾಲ್ಕು ಬಕೆಟ್ ಸಿಪ್ಪೆಗೆ ಎರಡು ಬಕೆಟ್ ಹಸಿ ಅಡುಗೆ ಕಸ ಮತ್ತು ಒಂದು ಬಕೆಟ್ ಸಗಣಿ ಅಥವಾ ಹಳೆ ಕಾಂಪೋಸ್ಟ್ ಪದರ ಪದರವಾಗಿ, ಬದಿಗೆ ತೂತಿರುವ ಡ್ರಮ್ಮಿನಲ್ಲಿ ತುಂಬಿ. ಚಹಾ ಟಪ್ರಿಯ ಚರಟ ಸಿಕ್ಕರೆ ಹಾಲು, ಸಕ್ಕರೆ ಹೋಗುವಂತೆ ತೊಳೆದು ಸೇರಿಸಬಹುದು, ಅದರಲ್ಲಿ ಸಾರಜನಕ ಚೆನ್ನಾಗಿದೆ. ವಾರಕ್ಕೊಮ್ಮೆ ಮಗುಚಿ. ಎರಡೂವರೆ, ಮೂರು ತಿಂಗಳಲ್ಲಿ ರಾಶಿ ಅರ್ಧಕ್ಕಿಳಿದು ಕಪ್ಪಾಗುತ್ತದೆ. ಪೂರ್ತಿ ಪುಡಿಯಾಗದ ನಾರಿನ ತುಂಡುಗಳನ್ನು ಜರಡಿಯಾಡಬೇಡಿ, ನಮಗೆ ಬೇಕಾದ ದಪ್ಪ ಕಣ ಅವೇ. ಅಂಗಡಿಯ ನುಣ್ಣನೆಯ ಎರೆಗೊಬ್ಬರಕ್ಕಿಂತ ಕುಂಡಕ್ಕೆ ಇದು ಒಂದು ಕೈ ಮೇಲು.

ತಬೇಲಾದ ಎಮ್ಮೆ ಸಗಣಿ ಆರು ತಿಂಗಳು ಹಳೆಯದಾಗಿರಬೇಕು. ಹೊಸದರಲ್ಲಿ ಗೊಣ್ಣೆ ಹುಳು ಬಂದೇ ಬರುತ್ತದೆ. ಬೆರಳು ಗಾತ್ರದ ಬಿಳಿ ಹುಳು ಕುಂಡದೊಳಗೆ ಬೇರು ತಿನ್ನುತ್ತಿದ್ದರೂ ಗಿಡ ಬಾಡುವ ತನಕ ಗೊತ್ತಾಗದು. ಸೊಸೈಟಿಯ ಯಂತ್ರದಲ್ಲಿ ಒಂದೆರಡು ದಿನದಲ್ಲಿ ತಯಾರಾಗುವ ಕಂದು ಪುಡಿ ಕಾಂಪೋಸ್ಟ್ ಅಲ್ಲ, ಒಣಗಿಸಿದ ಆಹಾರ. ಅದನ್ನು ಇನ್ನೆರಡು ತಿಂಗಳು ಕಳಿಯಲು ಬಿಡಬೇಕು. ಉಪ್ಪು, ಎಣ್ಣೆಯೂ ಇರುತ್ತದೆ.

ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಒದ್ದೆ ಮಾಡಿ ಒಂದು ಹಿಡಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಇಡಿ. ತೆರೆದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ, ಹುಳಿ ಅಥವಾ ಅಮೋನಿಯಾ ಘಾಟು ಬಂದರೆ ಇನ್ನೂ ಕಾಯಿರಿ. ಸಂದೇಹವಿದ್ದರೆ ಒಂದು ಡಬ್ಬಿಯಲ್ಲಿ ಗೊಬ್ಬರ ಮತ್ತು ಕೋಕೋಪೀಟ್ ಸಮನಾಗಿ, ಇನ್ನೊಂದರಲ್ಲಿ ಬರೀ ಕೋಕೋಪೀಟ್ ಹಾಕಿ ಇಪ್ಪತ್ತಿಪ್ಪತ್ತು ಮೆಂತ್ಯಕಾಳು ಬಿತ್ತಿ. ನಾಲ್ಕನೇ ದಿನಕ್ಕೆ ಗೊಬ್ಬರದ ಡಬ್ಬಿ ಹಿಂದೆ ಬಿದ್ದಿದ್ದರೆ ಗೊಬ್ಬರ ಹಸಿ.

ಅಳತೆ

5 ಲೀಟರಿನ ಎಣ್ಣೆ ಕ್ಯಾನಿನ ಬಾಯಿ ಕತ್ತರಿಸಿ ಅಳತೆ ಪಾತ್ರೆ ಮಾಡಿಕೊಳ್ಳಿ. ತೂಕದಿಂದ ಅಳೆಯಬೇಡಿ, ಒದ್ದೆ ಕೋಕೋಪೀಟಿನ ತೂಕ ಏನನ್ನೂ ಹೇಳುವುದಿಲ್ಲ. ಮಳೆ ನೇರ ಬೀಳುವ ಬಾಲ್ಕನಿ, ತಾರಸಿಗೆ:

ಕೆಂಪು ಮಣ್ಣು 2 ಕ್ಯಾನ್
ಕಳಿತ ಕಾಂಪೋಸ್ಟ್ 3 ಕ್ಯಾನ್ (ಇದರಲ್ಲಿ ಎರೆಗೊಬ್ಬರ 1 ಕ್ಯಾನಿಗಿಂತ ಹೆಚ್ಚಿರಬಾರದು)
ತೊಳೆದು ಹಿಂಡಿದ ಕೋಕೋಪೀಟ್ 2 ಕ್ಯಾನ್
ದಪ್ಪ ಕಣ 3 ಕ್ಯಾನ್

ಒಟ್ಟು 50 ಲೀಟರ್ ಹಾಕಿದರೂ ಕೈಗೆ ಸಿಗುವುದು 42 ಲೀಟರಿನಷ್ಟೇ. ಸಣ್ಣ ಕಣ ದೊಡ್ಡದರ ಸಂದಿಗೆ ಇಳಿಯುವುದರಿಂದ ಹಾಗೆ. 12 ಇಂಚಿನ ಮೂರು ಕುಂಡಗಳಿಗೆ ಸರಿಹೋಗುತ್ತದೆ. ಈ ಅಳತೆಗೆ ಬೇವಿನ ಹಿಂಡಿ 250 ಗ್ರಾಂ, ಎಲುಬಿನ ಪುಡಿ 150 ಗ್ರಾಂ. ಎಲುಬು ಬೇಡ ಎನ್ನುವ ಮನೆಗಳಲ್ಲಿ ರಾಕ್ ಫಾಸ್ಫೇಟ್ 200 ಗ್ರಾಂ ಹಾಕಿ. ಅದು ಹುಳಿ ಮಣ್ಣಿನಲ್ಲಿ ಮಾತ್ರ ಕರಗುವ ವಸ್ತು, ನಮ್ಮ ಕೆಂಪು ಮಣ್ಣು ಅದಕ್ಕೆ ಅನುಕೂಲ. ಪುಣೆಯ ಕಪ್ಪು ಮಣ್ಣಿನಲ್ಲಿ ಹಾಕಿ ಪ್ರಯೋಜನವಿಲ್ಲ. ಕಟ್ಟಿಗೆ ಬೂದಿ ಸಿಕ್ಕರೆ 100 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ. ಅಗರಬತ್ತಿಯ ಬೂದಿ ಬೂದಿಯ ಲೆಕ್ಕಕ್ಕೆ ಬರುವುದಿಲ್ಲ.

ಕೊಳೆ ರೋಗ ತಡೆಯುವ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬಳಸುವವರು ಪುಡಿಯನ್ನು ನೇರ ಉದುರಿಸಿ ಹಣ ಕಳೆಯಬೇಡಿ. ಒಂದು ಕೆಜಿ ಒದ್ದೆ ಕಾಂಪೋಸ್ಟಿಗೆ 10 ಗ್ರಾಂ ಬೆರೆಸಿ, ಗೋಣಿ ಮುಚ್ಚಿ ನೆರಳಲ್ಲಿ ಏಳರಿಂದ ಹತ್ತು ದಿನ ಇಟ್ಟರೆ ಶಿಲೀಂಧ್ರ ಹಬ್ಬುತ್ತದೆ. ಆಮೇಲೆ ಆ ಒಂದು ಕೆಜಿಯನ್ನು ಇಡೀ ಮಿಶ್ರಣಕ್ಕೆ ಸೇರಿಸಿ. ಖರೀದಿಸುವಾಗ ಪ್ಯಾಕೆಟ್ ಮೇಲಿನ ಅವಧಿಯ ದಿನಾಂಕ ನೋಡಿ, ಅವಧಿ ಮುಗಿದರೆ ಅದು ಬರೀ ಟಾಲ್ಕ್ ಪುಡಿಯಷ್ಟೇ ಉಪಯೋಗ.

ತುಳಸಿಗೆ ಇದೇ ಅಳತೆಯಲ್ಲಿ ಕೋಕೋಪೀಟ್ 1ಕ್ಕಿಳಿಸಿ ದಪ್ಪ ಕಣ 4 ಮಾಡಿ. ತುಳಸಿಗೆ ಬುಡದ ಕೊಳೆಯೇ ಮುಖ್ಯ ಶತ್ರು, ಜೊತೆಗೆ ಪೂಜೆಯ ಹಾಲು, ಅರಿಶಿನ ಕುಂಕುಮ ಸೇರಿ ಮೇಲ್ಪದರ ಗಟ್ಟಿಯಾಗುತ್ತದೆ. ತೀರ್ಥವನ್ನು ಕುಂಡದ ಅಂಚಿಗೆ ಬಿಟ್ಟರೆ ದೇವರು ಬೇಸರಿಸುವುದಿಲ್ಲ. ಲೋಳೆಸರಕ್ಕೂ ಇದೇ ಮಿಶ್ರಣ, ಕಾಂಪೋಸ್ಟ್ ಒಂದು ಕ್ಯಾನ್ ಕಡಿಮೆ. ಬಸಳೆ, ಹರಿವೆ, ಒಂದೆಲಗ, ಪತ್ರೊಡೆಗೆ ಬೆಳೆಸುವ ಕೆಸು ಇವೆಲ್ಲ ನೀರು ಕುಡಿಯುವ ಜಾತಿ: ದಪ್ಪ ಕಣ 2, ಕಾಂಪೋಸ್ಟ್ 4. ಕೆಸುವಂತೂ ಸಮಪಾಲು ಮಿಶ್ರಣದಲ್ಲೂ ನಗುತ್ತಿರುತ್ತದೆ. ಮಲ್ಲಿಗೆ, ಕರಿಬೇವು, ದಾಸವಾಳ ವರ್ಷಗಟ್ಟಲೆ ಒಂದೇ ಕುಂಡದಲ್ಲಿರುವುದರಿಂದ ಮಣ್ಣು 3, ಕಾಂಪೋಸ್ಟ್ 2 ಮಾಡಿ. ಕಾಂಪೋಸ್ಟ್ ಕರಗಿದಂತೆ ಬುಡ ಕುಸಿಯುವುದು ಅಷ್ಟು ಕಡಿಮೆ. ಮಟ್ಟುಗುಳ್ಳ, ಮೆಣಸು, ಟೊಮೆಟೊಗೆ ಮೊದಲಿನ ಮಿಶ್ರಣವೇ ಸರಿ, ಬೇವಿನ ಹಿಂಡಿ ಮಾತ್ರ ಇನ್ನೂ 100 ಗ್ರಾಂ.

ಬೆರೆಸುವುದು

ಮೇ ಮೊದಲ ವಾರ ಒಳ್ಳೆಯ ಸಮಯ. ನೆಲಕ್ಕೆ ಹಳೆ ಶೀಟ್ ಹಾಸಿ ಮೊದಲು ಮಣ್ಣು ಮತ್ತು ದಪ್ಪ ಕಣ ಒಣದಾಗಿಯೇ ಬೆರೆಸಿ. ಹಿಂಡಿ, ಎಲುಬಿನ ಪುಡಿ, ಬೂದಿಗಳನ್ನು ಒಂದು ಕ್ಯಾನ್ ಕಾಂಪೋಸ್ಟಿನಲ್ಲಿ ಮೊದಲೇ ಕಲಸಿ ಆಮೇಲೆ ರಾಶಿಗೆ ಹಾಕಿದರೆ ಒಂದೇ ಕಡೆ ಗುಪ್ಪೆಯಾಗುವುದಿಲ್ಲ. ಕೊನೆಗೆ ಕೋಕೋಪೀಟ್. ಶೀಟಿನ ಎದುರು ಬದುರು ಮೂಲೆ ಹಿಡಿದು ರಾಶಿಯನ್ನು ಆ ಕಡೆ ಈ ಕಡೆ ಉರುಳಿಸಿದರೆ ಸಲಿಕೆಗಿಂತ ಚೆನ್ನಾಗಿ ಬೆರೆಯುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಒಡೆಯಬೇಕು, ನೀರು ಇಳಿಯಬಾರದು. ಆ ಹದಕ್ಕೆ ತಂದು ಗೋಣಿ ಮುಚ್ಚಿ ನೆರಳಿನಲ್ಲಿ ಹದಿನೈದು ದಿನ ಬಿಡಿ, ಮಧ್ಯೆ ಎರಡು ಸಲ ಮಗುಚಿ. ಬೇವಿನ ಹಿಂಡಿ ಕೊಳೆಯಲು ಶುರುವಾದಾಗ ಬಿಸಿಯೂ ಅಮೋನಿಯಾವೂ ಹೊರಡುತ್ತದೆ. ಕಲಸಿದ ದಿನವೇ ಸಸಿ ನೆಟ್ಟರೆ ಎಳೆ ಬೇರು ಸುಡುವುದು ಇದರಿಂದಲೇ. ಮೂರು ನಾಲ್ಕನೇ ದಿನ ಮೇಲೆ ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಹಿಂಡಿಯನ್ನು ತಿನ್ನುವ ನಿರುಪದ್ರವಿ ಶಿಲೀಂಧ್ರ ಅದು.

ಒಂದು ಲೀಟರ್ ಬಾಟಲಿಯ ಪರೀಕ್ಷೆ

ಕುಂಡಕ್ಕೆ ತುಂಬುವ ಮುನ್ನ ಇದನ್ನು ಮಾಡಿ, ಅರ್ಧ ಗಂಟೆಯ ಕೆಲಸ. ದೊಡ್ಡ ತಂಪು ಪಾನೀಯದ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿದು ತಲೆಕೆಳಗೆ ಹಿಡಿಯಿರಿ. ಒಂದು ಲೀಟರ್ ನೀರು ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಹಾಕಿ ನೀರು ಚೆಲ್ಲಿ. ಬಾಟಲಿಯ ಕತ್ತಿನೊಳಗೆ ಪರದೆ ತುಂಡು ತುರುಕಿ ಗೆರೆಯವರೆಗೆ ಮಿಶ್ರಣ ತುಂಬಿ, ಮೂರು ಸಲ ಮೆಲ್ಲಗೆ ತಟ್ಟಿ. ಮುಚ್ಚಳ ತೆರೆದು ಎರಡು ಸಲ ನೀರು ಹಾಯಿಸಿ, ಕುಸಿದಷ್ಟು ಮತ್ತೆ ತುಂಬಿ. ಈಗ ಮುಚ್ಚಳ ಹಾಕಿ, ನೀರು ಮೇಲ್ಮೈಯಲ್ಲಿ ಮಿನುಗುವ ತನಕ ನಿಧಾನ ಸುರಿದು ಹದಿನೈದು ನಿಮಿಷ ಬಿಡಿ. ಇಳಿದಿದ್ದರೆ ಮತ್ತೆ ತುಂಬಿ. ಮುಚ್ಚಳ ತೆಗೆದು, ಹನಿ ನಿಲ್ಲುವ ತನಕ ಬಂದ ನೀರನ್ನು ಅಳೆಯಿರಿ.

ನೀರು ಬಿಟ್ಟ ಜಾಗವೆಲ್ಲ ಗಾಳಿಯ ಜಾಗ. 200ರಿಂದ 250 ಮಿ.ಲೀ. ಬಂದರೆ ಮುಂಬೈ ಮಳೆಗೆ ಹೇಳಿ ಮಾಡಿಸಿದ್ದು. 150ಕ್ಕಿಂತ ಕಡಿಮೆ ಇದ್ದರೆ ಒಂದು ಕ್ಯಾನ್ ದಪ್ಪ ಕಣ ಸೇರಿಸಿ ಮತ್ತೆ ನೋಡಿ. 300 ದಾಟಿದರೆ ಮಳೆಯಲ್ಲಿ ಗಿಡ ಸುಖವಾಗಿರುತ್ತದೆ, ಅಕ್ಟೋಬರ್ ಬಿಸಿಲಿನಲ್ಲಿ ದಿನಕ್ಕೆರಡು ಸಲ ನೀರು ಹಾಕುವ ಕೆಲಸ ನಿಮ್ಮದು. ಕುತೂಹಲಕ್ಕೆ ಸಮಪಾಲು ಮಿಶ್ರಣವನ್ನೂ ಹೀಗೇ ಅಳೆದು ನೋಡಿ.

ತುಂಬಿದ ಮೇಲೆ

ಕುಂಡವನ್ನು ನೆಲಕ್ಕೆ ಅಂಟಿಸಬೇಡಿ, ಮೂರು ಇಟ್ಟಿಗೆ ಚೂರಿನ ಮೇಲೆ ಕೂರಿಸಿ. ತೂತು ನೆಲಕ್ಕೆ ಒತ್ತಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಮಳೆಗಾಲದಲ್ಲಿ ಅಡಿತಟ್ಟೆ ತೆಗೆದುಬಿಡಿ. ಅದರಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ಬೆಳೆಯುತ್ತದೆ, ಪಾಲಿಕೆಯ ಕೀಟ ನಿಯಂತ್ರಣದವರು ಮನೆಗೆ ಬಂದರೆ ಮೊದಲು ನೋಡುವುದೂ ಅದನ್ನೇ.

ಮಿಶ್ರಣವನ್ನು ಅಂಚಿನಿಂದ ಒಂದು ಇಂಚು ಕೆಳಗಿನವರೆಗೆ ತುಂಬಿ. ಕೈಯಿಂದ ಅದುಮಬೇಡಿ, ಕುಂಡವನ್ನು ಎರಡು ಸಲ ನೆಲಕ್ಕೆ ಕುಟ್ಟಿದರೆ ಸಾಕು. ಜುಲೈ, ಆಗಸ್ಟ್‌ನಲ್ಲಿ ಸಾರಜನಕ ಮತ್ತು ಪೊಟ್ಯಾಶ್ ತೊಳೆದುಹೋಗುವುದನ್ನು ಯಾವ ಮಿಶ್ರಣವೂ ಪೂರ್ತಿ ತಡೆಯದು. ಮೂರು ವಾರಕ್ಕೊಮ್ಮೆ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ ಮೇಲೆ ಉದುರಿಸಿ. ಜೀವಾಮೃತ, ಹಿಂಡಿ ನೆನೆಸಿದ ನೀರು ಇಂಥ ದ್ರವ ಗೊಬ್ಬರಗಳನ್ನು ಮಳೆ ಬಿಡುವು ಕೊಟ್ಟ ದಿನ ನೋಡಿಯೇ ಹಾಕಬೇಕು, ಇಲ್ಲವಾದರೆ ಅದು ಗಟಾರದ ಪಾಲು.

ಕೆಳಗಿನ ಎಲೆ ಹಳದಿಯಾಗುತ್ತಿದ್ದು ಮಣ್ಣು ಒದ್ದೆಯಾಗಿದ್ದರೆ ಅದು ಗೊಬ್ಬರದ ಕೊರತೆಯೋ ಬೇರಿನ ಉಸಿರುಗಟ್ಟುವಿಕೆಯೋ ಎಂದು ತಿಳಿಯಲು ತೂತಿಗೆ ಮೂಗಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊಬ್ಬರ ಹಾಕಬೇಡಿ. ಗಿಡವನ್ನು ಮಳೆ ತಾಗದ ಕಡೆ ಸರಿಸಿ, ತೂತಿನಿಂದ ಮೇಲಕ್ಕೆ ಕಡ್ಡಿ ಹಾಕಿ ಸಂದು ಮಾಡಿ. ಸಣ್ಣ ಕಪ್ಪು ನೊಣ ಏಳುತ್ತಿದ್ದರೆ ಮೇಲ್ಪದರ ಸದಾ ಒದ್ದೆ ಎಂದರ್ಥ. ಒಂದು ಸೆಂಟಿಮೀಟರ್ ಇಟ್ಟಿಗೆ ಹರಳು ಹರಡಿದರೆ ಅವುಗಳಿಗೆ ಮೊಟ್ಟೆಯಿಡಲು ಜಾಗ ಸಿಗದು. ಅಕ್ಟೋಬರಿನ ನಂತರ ಇದಕ್ಕೆ ವಿರುದ್ಧದ ತೊಂದರೆ ಬರುತ್ತದೆ. ಪೂರ್ತಿ ಒಣಗಿದ ಕೋಕೋಪೀಟ್ ನೀರನ್ನು ಒಳಗೆ ಬಿಡುವುದಿಲ್ಲ, ಹಾಕಿದ ನೀರು ಕುಂಡದ ಗೋಡೆಗುಂಟ ಜಾರಿ ಹೊರಗೆ ಬರುತ್ತದೆ, ಬೇರು ಬಾಯಾರಿಕೊಂಡೇ ಇರುತ್ತದೆ. ಕುಂಡವನ್ನು ಅರ್ಧ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿದರೆ ಕೆಳಗಿನಿಂದ ಹೀರಿಕೊಳ್ಳುತ್ತದೆ.

ಹಳೆ ಮಣ್ಣು

ಒಂದು ಮಳೆಗಾಲ ಕಳೆದಾಗ ಮಟ್ಟ ನಾಲ್ಕನೇ ಒಂದು ಭಾಗ ಕುಸಿದಿರುವುದು ಸಹಜ. ಬಿಸಾಡುವ ಅಗತ್ಯವಿಲ್ಲ. ಏಪ್ರಿಲ್ ಮಧ್ಯದಲ್ಲಿ ಕುಂಡ ಬರಿದು ಮಾಡಿ ಬೇರು ಪರೀಕ್ಷಿಸಿ. ಬೇರಿನ ಮೇಲೆ ಮಣಿಯಂಥ ಗಂಟುಗಳಿದ್ದರೆ ಬೇರಿಗೆ ಜಂತುಹುಳು (ನೆಮಟೋಡ್) ಹತ್ತಿದೆ. ಆ ಬೇರನ್ನು ಕಾಂಪೋಸ್ಟಿಗೂ ಹಾಕಬಾರದು. ಮಣ್ಣನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ನಾಲ್ಕು ಇಂಚಿಗಿಂತ ದಪ್ಪವಾಗದಂತೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚುಗಳಿಗೆ ಭಾರ ಇಟ್ಟು ನಾಲ್ಕು ವಾರ ಬಿಸಿಲಿಗೆ ಬಿಡಿ. ಕಪ್ಪು ಪ್ಲಾಸ್ಟಿಕ್ ಬೇಡ, ಅದು ತಾನೇ ಬಿಸಿಯಾಗಿ ಮಣ್ಣಿಗೆ ಶಾಖ ಕಡಿಮೆ ಕೊಡುತ್ತದೆ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಆಳಕ್ಕೆ ಕಾಯುತ್ತದೆ. ಈ ಬಿಸಿಗೆ ಒಳ್ಳೆಯ ಜೀವಾಣುಗಳೂ ಸಾಯುವುದರಿಂದ ಟ್ರೈಕೊಡರ್ಮಾ ಗೊಬ್ಬರ ಸೇರಿಸುವುದು ಇದಾದ ಮೇಲೆಯೇ.

ಬಳಿಕ ರವೆ ಜರಡಿಯಲ್ಲಿ ಹಿಡಿದು ಕೆಳಗಿಳಿದ ದೂಳಿನ ಅರ್ಧಪಾಲನ್ನು ತೆಗೆದುಬಿಡಿ, ಸೊಸೈಟಿಯ ನೆಲದ ಗಿಡಗಳಿಗೆ ಆಗುತ್ತದೆ. ಉಳಿದದ್ದರ ಹತ್ತು ಪಾಲಿಗೆ ಮೂರು ಪಾಲು ಹೊಸ ಕಾಂಪೋಸ್ಟ್, ಒಂದೂವರೆ ಪಾಲು ದಪ್ಪ ಕಣ, ಹಿಂಡಿ ಮತ್ತು ಎಲುಬಿನ ಪುಡಿ ಮೊದಲಿನ ಅರ್ಧ. ಬಾಟಲಿ ಪರೀಕ್ಷೆ ಮತ್ತೆ ಮಾಡಿ. ಮಿಕ್ಕಿದ ಮಿಶ್ರಣವನ್ನು ಮೇ ಕೊನೆಯೊಳಗೆ ನೆರಳಿನಲ್ಲಿ ಆರಿಸಿ ಗೋಣಿಚೀಲದಲ್ಲಿ ಕಟ್ಟಿ, ನೆಲದಿಂದ ಮೇಲಿಡಿ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಮಳೆಗಾಲದ ನಡುವೆ ತೆರೆದಾಗ ಒಳಗಿರುವುದು ಗಬ್ಬು ನಾರುವ ಕಪ್ಪು ರಾಡಿ. ಅದನ್ನು ವಾರಗಟ್ಟಲೆ ಗಾಳಿಗೆ ಹರಡದೆ ಬಳಸುವಂತಿಲ್ಲ.